ಕಂಡಕ್ಟರ್ ತಾಯಪ್ಪನ ನಾಮಿನೇಷನ್ ಪಟ್ಟಿ

ನಾರಾಯಣಪೇಟೆಯಿಂದ ಮಕ್ತಲ್ ಹಾಯ್ದು ಗದ್ವಾಲಿಗೆ ಹೋಗುವ ಎಂಟು ಗಂಟೆಯ ಬಸ್ಸು ಹತ್ತಿದವರಿಗೆ ಟಿಕೆಟ್ಟಿನ ಜೊತೆ ಕಂಡಕ್ಟರನ ಅಭಿಪ್ರಾಯವೂ ಸಿಗುತ್ತದೆ. ಬೇಡವೆಂದರೂ ಸಿಗುತ್ತದೆ. ಕಂಡಕ್ಟರ್ ತಾಯಪ್ಪನಿಗೆ ಈಗ ಐವತ್ತೈದು. ಮೀಸೆಗೆ ಬಣ್ಣ ಹಚ್ಚುತ್ತಾನೆ, ತಲೆಗೆ ಹಚ್ಚುವುದಿಲ್ಲ. ಕೇಳಿದರೆ, ಕ್ಯಾರೆಕ್ಟರ್ ಪಾತ್ರಕ್ಕೆ ಅಷ್ಟು ಸಾಕು ಎನ್ನುತ್ತಾನೆ. ಇಪ್ಪತ್ತು ವರ್ಷದಿಂದ ಇದೇ ದಾರಿ, ಇದೇ ಹಿಂಬಾಗಿಲ ಫುಟ್‌ಬೋರ್ಡು. ತೆಲುಗು, ಕನ್ನಡ, ಹಿಂದಿ, ಯಾವ ಸಿನಿಮಾ ಬಂದರೂ ಬಿಡುವುದಿಲ್ಲ. ನೋಡಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾಯಮಾನವಂತೂ ಅವನದಲ್ಲ.

ವರ್ಷಕ್ಕೊಮ್ಮೆ ಹೈದರಾಬಾದಿನ ದೊಡ್ಡ ಸಿನಿಮಾ ಪ್ರಶಸ್ತಿಯೊಂದರ ನಾಮಿನೇಷನ್ ಪಟ್ಟಿ ಪೇಪರಿನಲ್ಲಿ ಬರುತ್ತದೆ. ಆ ದಿನ ತಾಯಪ್ಪ ಪೇಪರನ್ನು ನಾಲ್ಕು ಮಡಿಕೆ ಮಾಡಿ ಟಿಕೆಟ್ ಚೀಲಕ್ಕೆ ತುರುಕಿಕೊಂಡು ಬರುತ್ತಾನೆ. ಬಸ್ಸು ಸ್ಟ್ಯಾಂಡು ಬಿಡುವುದೇ ತಡ, ಶುರು.

"ನೋಡ್ರಿ ಇಲ್ಲಿ! ಉತ್ತಮ ನಟ, ಐದು ಮಂದಿ. ಐದೂ ಮಂದಿ ಹೀರೋಗಳೇ. ಯಾಕ್ರಿ, ಹೀರೋ ಅಲ್ಲದಾಂವ ನಟ ಅಲ್ಲೇನು? ಈ ಮೊದಲನೇದಾಂವ ಇಡೀ ಸಿನಿಮಾದಾಗ ಏನ್ ಮಾಡ್ಯಾನ? ಕನ್ನಡಕ ತಗದಾನ, ಕನ್ನಡಕ ಹಾಕ್ಯಾನ. ಅದಕ್ಕ ಪ್ರಶಸ್ತಿ ಕೊಡೋದಾದ್ರ ಮಕ್ತಲ್ ಕಣ್ಣಿನ ದವಾಖಾನಿಗೆ ಕೊಡ್ರಿ ಮೊದ್ಲು."

"ಟಿಕೆಟ್ ಕೊಡಣ್ಣಾ ಮೊದ್ಲು. ಚೆಕಿಂಗ್‌ನವರು ಹತ್ತಿದರ ನಿನ್ನನ್ನೇ ನಾಮಿನೇಟ್ ಮಾಡ್ತಾರ" ಎಂದು ಡ್ರೈವರ್ ಮಾರ್ಕಂಡೇಯ ಕನ್ನಡಿಯಲ್ಲಿ ನೋಡುತ್ತ ಹೇಳುತ್ತಾನೆ. ಈ ಮಾರ್ಕಂಡೇಯ ನಾರಾಯಣಪೇಟೆಯ ನೇಕಾರರ ಮನೆಯವನು. ಹನ್ನೊಂದು ವರ್ಷ ತಾಯಪ್ಪನ ಜೊತೆ ಬಸ್ಸು ಓಡಿಸಿ, ಒಂದು ಸಿನಿಮಾವನ್ನೂ ನೋಡದೆ ಎಲ್ಲ ಸಿನಿಮಾದ ಕಥೆ ಬಲ್ಲವನಾಗಿದ್ದಾನೆ.

ಪೇಪರಿನ ಪಟ್ಟಿಗೆ ಉತ್ತರವಾಗಿ ತಾಯಪ್ಪನದೇ ಒಂದು ಪಟ್ಟಿ ಉಂಟು. ಹೀರೋ ಕೈಯಲ್ಲಿ ಏಟು ತಿಂದು ಎಲ್ಲರಿಗಿಂತ ಚಂದವಾಗಿ ಬಿದ್ದವನಿಗೆ ಅದರಲ್ಲಿ ಪ್ರಶಸ್ತಿ ಇದೆ. ಹೀರೋಯಿನ್ ಮಗ್ಗುಲಲ್ಲಿ ನಿಂತು ಒಂದು ಮಾತೂ ಇಲ್ಲದೆ ನಕ್ಕವಳಿಗೆ ಇದೆ. ಇಂಟರ್ವಲ್‌ಗೆ ಮುಂಚೆಯೇ ಸತ್ತು, ಮನೆಗೆ ಹೋದ ಮೇಲೂ ನೆನಪಾಗುವವನಿಗೂ ಇದೆ. ಓಟು ಹಾಕುವವರು ಪ್ರಯಾಣಿಕರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಈ ಕೆಲಸ ಸಲೀಸಾಗಿದೆ. ಅವರಿಗೆ ಮಷೀನಿನಿಂದ ಬರುವ ಜೀರೋ ಟಿಕೆಟ್ಟಿನ ಬೆನ್ನು ಖಾಲಿ ಇರುತ್ತದಲ್ಲ, ಅದರ ಮೇಲೆ ಹೆಸರು ಬರೆದು ಇಳಿಯುವಾಗ ತಾಯಪ್ಪನ ಕೈಗಿಡುತ್ತಾರೆ. ಗಂಡಸರೂ ಬರೆಯುತ್ತಾರೆ, ಆದರೆ ದುಡ್ಡು ಕೊಟ್ಟ ಟಿಕೆಟ್ಟೆಂದು ಕಿಸೆಯಲ್ಲಿಟ್ಟುಕೊಂಡೇ ಇಳಿದುಹೋಗುತ್ತಾರೆ. ವಾರವಿಡೀ ಓಟು, ಗುರುವಾರ ತೀರ್ಪು. ಓಟು ಮಂದಿಯದು, ತೀರ್ಪು ಮಾತ್ರ ತಾಯಪ್ಪನದು. ಭಾವ ಬಂದು ಕೇಳಿದರೂ, ಡಿಪೋದ ಸಾಹೇಬರು ಕೇಳಿದರೂ ಅವನು ಹೆಸರು ಬದಲಿಸಿದ್ದಿಲ್ಲ. ಆ ದಾರಿಯಲ್ಲಿ ಅವನಿಗೆ ಮರ್ಯಾದೆ ಇರುವುದು ಅದಕ್ಕೇ.

ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ಕೊನೆಗೆ ಓದುವುದು, 'ಬಾಗಿಲ ತಾಯಿ' ಪ್ರಶಸ್ತಿ. ಮಗ ಊರು ಬಿಟ್ಟು ಹೊರಟಾಗ ಬಾಗಿಲಲ್ಲಿ ನಿಂತು, ಅವನು ಕಣ್ಮರೆಯಾಗುವವರೆಗೆ ನೋಡುತ್ತ ನಿಲ್ಲುವ ತಾಯಿ ಇದ್ದಾಳಲ್ಲ, ಆ ವರ್ಷದ ಸಿನಿಮಾಗಳಲ್ಲಿ ಅದನ್ನು ಯಾರು ಚೆನ್ನಾಗಿ ಮಾಡಿದರು ಎಂಬ ಲೆಕ್ಕ. ಇದೆಂಥ ಪ್ರಶಸ್ತಿ ಎಂದು ನಗುವವರು ನಗುತ್ತಾರೆ. ತಾಯಪ್ಪ ಅದೊಂದರ ವಿಷಯದಲ್ಲಿ ನಗುವುದಿಲ್ಲ.

ಅದಕ್ಕೆ ಕಾರಣ ಉಂಟು. ತಾಯಪ್ಪನದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆ. ಏಳು ವರ್ಷದವನಿದ್ದಾಗ, ಒಬ್ಬನಾದರೂ ಓದಲಿ ಎಂದು ಅಪ್ಪ ಅವನನ್ನು ಮಕ್ತಲ್ ಹಾಸ್ಟೆಲಿಗೆ ಬಿಡಲು ಹೊರಟ. ಯಾರದೋ ಸೈಕಲ್ಲು ಕೇಳಿ ತಂದಿದ್ದರು. ತಗಡಿನ ಟ್ರಂಕು ಅಪ್ಪಿಕೊಂಡು ಹುಡುಗ ಕ್ಯಾರಿಯರ್ ಮೇಲೆ ಹಿಂದುಮುಂದಾಗಿ, ಮನೆಯ ಕಡೆ ಮುಖ ಮಾಡಿ ಕೂತಿದ್ದ. ಅವ್ವ ಬಂದು ಅವನ ಹಣೆಗೆ ಬೀರಪ್ಪನ ಭಂಡಾರ, ಅಂದರೆ ಅರಿಶಿನದ ಪುಡಿ, ಹಚ್ಚಿದಳು. ಆಮೇಲೆ ಸೈಕಲ್ಲಿನ ಗಾಲಿ ಇನ್ನೂ ಒಂದು ಸುತ್ತು ತಿರುಗಿರಲಿಲ್ಲ, ಬೆನ್ನು ತಿರುಗಿಸಿ ಒಳಗೆ ಹೋಗಿಬಿಟ್ಟಳು. ಹನ್ನೆರಡು ವರ್ಷದ ಅಕ್ಕ ಬಾಲಮ್ಮನೂ ಹಾಗೆಯೇ ತಿರುಗಿ ಅವ್ವನ ಹಿಂದೆ ಹೋದಳು. ಖಾಲಿ ಬಾಗಿಲನ್ನು ನೋಡುತ್ತ ನೋಡುತ್ತ ಹುಡುಗ ಮಕ್ತಲ್ ಸೇರಿದ. ಮೂರು ವರ್ಷದ ಮೇಲೆ ಅವ್ವ ಜ್ವರದಲ್ಲಿ ತೀರಿಕೊಂಡಳು, ಕೇಳಬೇಕಾದ್ದು ಕೇಳದೆ ಉಳಿಯಿತು.

ಹಾಸ್ಟೆಲಿನ ಹಿಂದಿನ ಬಯಲಿನಲ್ಲಿ ಡೇರೆ ಟಾಕೀಸಿತ್ತು. ಅಲ್ಲಿ ಅವನು ಮೊದಲ ಸಲ ಸಿನಿಮಾ ತಾಯಿಯನ್ನು ನೋಡಿದ. ಮಗ ಹೋಗುತ್ತಾನೆ, ಅವಳು ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಾಳೆ, ಕೈ ಬೀಸುತ್ತಾಳೆ, ಅಳುತ್ತಾಳೆ, ಒಳಗೆ ಹೋಗುವುದೇ ಇಲ್ಲ. ಹುಡುಗ ಅದೇ ಸಿನಿಮಾವನ್ನು ಆರು ಸಲ ನೋಡಿದ. ಅಂಟಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲ.

ಅಕ್ಕ ಬಾಲಮ್ಮ ಅವ್ವನ ಜಾಗದಲ್ಲಿ ನಿಂತು ಅವನನ್ನು ಬೆಳೆಸಿದಳು. ಅವಳ ಊರು ಮಕ್ತಲ್ ದಾಟಿದ ಮೇಲೆ ಬರುವ ಬೇವಿನ ಮರದ ಕ್ರಾಸಿನಲ್ಲಿ. ತಮ್ಮನಿಗೆ ಈ ರೂಟು ಸಿಕ್ಕ ದಿನದಿಂದ ಪ್ರತಿ ಗುರುವಾರ ಅವಳು ಮರದ ಕೆಳಗೆ ಜೋಳದ ರೊಟ್ಟಿಯ ಗಂಟು ಹಿಡಿದು ನಿಂತಿರುತ್ತಾಳೆ. ಗಂಟು ಕೊಡುತ್ತಾಳೆ, ಅವನ ಮುಖ ಒಮ್ಮೆ ನೋಡುತ್ತಾಳೆ, ಬಸ್ಸು ಹೊರಡುವ ಮೊದಲೇ ತಿರುಗಿ ಹೋಗುತ್ತಾಳೆ. "ನಮ್ಮಕ್ಕಗ ಒಂದು ಟಾಟಾ ಮಾಡಾಕೂ ಪುರಸೊತ್ತಿಲ್ಲ ನೋಡೋ" ಎಂದು ತಾಯಪ್ಪ ಇಪ್ಪತ್ತು ವರ್ಷದಿಂದ ಡ್ರೈವರುಗಳಿಗೆ ಹೇಳುತ್ತ ಬಂದಿದ್ದಾನೆ.

ಹೀಗಿರುವಾಗ ಕೃಷ್ಣಾ ನದಿಯ ದಂಡೆಗೆ ಸಿನಿಮಾದವರು ಬಂದರು. ಇಬ್ಬರು ಗೆಳೆಯರು ಒಂದೇ ದಿನ ಮಿಲಿಟರಿಗೆ ಹೊರಡುವ ಕಥೆ. ಹೀರೋನ ತಾಯಿಯಾಗಿ ಹೈದರಾಬಾದಿನ ನಟಿ ಬಂದಿದ್ದರು. ಗೆಳೆಯನ ತಾಯಿಗೆ ಊರಿನ ಹೆಂಗಸೇ ಬೇಕೆಂದು ಹುಡುಕಿ ಬಾಲಮ್ಮನನ್ನು ಆರಿಸಿಕೊಂಡರು. ಮೂರು ನಿಮಿಷದ ಪಾತ್ರ. ಆದರೂ ಊರಿಗೆ ಊರೇ ಟ್ರ್ಯಾಕ್ಟರ್ ಮಾಡಿಕೊಂಡು ಗದ್ವಾಲಿನ ಟಾಕೀಸಿಗೆ ಹೋಗಿ ನೋಡಿ ಬಂತು. ಮುಂದೆ ಪ್ರಶಸ್ತಿಯ ನಾಮಿನೇಷನ್ ಪಟ್ಟಿಯಲ್ಲಿ ಆ ಸಿನಿಮಾಕ್ಕೆ ಆರು ಹೆಸರು ಬಿದ್ದವು. ಹೈದರಾಬಾದಿನ ನಟಿಯ ಹೆಸರೂ ಇತ್ತು. ಬಾಲಮ್ಮನದು ಇರಲಿಲ್ಲ, ಇರುತ್ತದೆಂದು ಯಾರೂ ಅಂದುಕೊಂಡಿರಲೂ ಇಲ್ಲ.

ಬಾಲಮ್ಮನಿಗೆ ಬೇಕಾಗಿದ್ದುದು ಬೇರೆಯೇ ಪಟ್ಟಿ. ರೊಟ್ಟಿ ಗಂಟು ಕೊಡುತ್ತ, ಅರವತ್ತು ವರ್ಷದ ಹೆಂಗಸು ಹೊಸ ಮದುಮಗಳ ಹಾಗೆ ಸೆರಗು ತಿರುವುತ್ತ ಕೇಳಿದಳು:

"ತಮ್ಮಾ, ಈ ಸಲ ನಿನ್ನ ಪಟ್ಟಿಯಾಗ ನನ್ನ ಹೆಸರು ಬರತದೇನು?"

ಜನ್ಮದಲ್ಲಿ ಅವಳು ಅವನನ್ನು ಕೇಳಿದ್ದು ಅದೊಂದೇ. ತಾಯಪ್ಪ "ನೋಡೋಣಕ್ಕಾ" ಎಂದು ಸೀಟಿ ಊದಿದ. ಅವನಿಗೆ ಸಂಕಟ ಶುರುವಾಯಿತು. ಯಾಕೆಂದರೆ ಅವನು ಆ ಸಿನಿಮಾವನ್ನು ಎರಡು ಸಲ ನೋಡಿದ್ದ. ಮಕ್ಕಳು ಹೊರಡುವ ಸೀನಿನಲ್ಲಿ ಹೈದರಾಬಾದಿನ ನಟಿ ಬಾಗಿಲಲ್ಲಿ ನಿಂತು, ಬೀದಿಗೆ ಓಡಿಬಂದು, ಧೂಳಿನಲ್ಲಿ ಮಂಡಿಯೂರಿ ಮಗ ಹೋದ ದಾರಿಯನ್ನು ನೋಡುತ್ತಲೇ ಇದ್ದರು. ಅಕ್ಕ ಮಾತ್ರ ಮಗನ ಹಣೆಗೆ ಭಂಡಾರ ಹಚ್ಚಿ, ಗಿರಕ್ಕನೆ ತಿರುಗಿ, ಕ್ಯಾಮೆರಾಕ್ಕೆ ಬೆನ್ನು ತೋರಿಸಿ ಒಳಗೆ ಹೋಗಿದ್ದಳು. ನಾಚಿಕೊಂಡಳೋ, ಹೆದರಿದಳೋ, ಅಂತೂ ಪರದೆ ತುಂಬ ಬರೀ ಬೆನ್ನು.

ಜೊತೆಗೆ ಇನ್ನೊಂದು ತಲೆನೋವು. ಬಾಗಿಲ ತಾಯಿಗೆ ಬಂದ ಓಟುಗಳನ್ನು ಮನೆಯಲ್ಲಿ ಹರಡಿಕೊಂಡು ನೋಡಿದರೆ, ಹತ್ತೊಂಬತ್ತು ಜೀರೋ ಟಿಕೆಟ್ಟುಗಳ ಮೇಲೆ ಬಾಲಮ್ಮನ ಹೆಸರು, ಹತ್ತೊಂಬತ್ತೂ ಒಂದೇ ಕೈಬರಹ! ಅಕ್ಕನೇ ಯಾರಿಂದಲೋ ಬರೆಸಿದ್ದಾಳೆ ಎಂದುಕೊಂಡ. ಅವನ ಮೈ ಉರಿಯಿತು.

ತೀರ್ಪಿನ ಗುರುವಾರ ಬಾಲಮ್ಮ ರೊಟ್ಟಿ ಕೊಟ್ಟು ಹೋಗದೆ ಬಸ್ಸನ್ನೇ ಹತ್ತಿದಳು. ಪೆಟ್ಟಿಗೆಯಲ್ಲಿದ್ದ ನಾರಾಯಣಪೇಟೆ ಸೀರೆ ಉಟ್ಟಿದ್ದಳು. ಗದ್ವಾಲಿನಲ್ಲಿ ಕೆಲಸವಿದೆ ಎಂದಳು. ಅದೆಂಥ ಕೆಲಸವೆಂದು ಇಡೀ ಬಸ್ಸಿಗೆ ಗೊತ್ತಿತ್ತು.

ತಾಯಪ್ಪ ಪಟ್ಟಿ ಓದುತ್ತ ಬಂದ. ಚಂದವಾಗಿ ಬಿದ್ದವನ ಹೆಸರಿಗೆ ಚಪ್ಪಾಳೆ ಬಿತ್ತು, ನಕ್ಕವಳ ಹೆಸರಿಗೆ ಜಗಳ ಆಯಿತು. ಕೊನೆಗೆ ಗಂಟಲು ಸರಿಮಾಡಿಕೊಂಡ.

"ಬಾಗಿಲ ತಾಯಿ. ಇದರಾಗ ಒಂದೇ ಅಕ್ಷರದಾಗ ಹತ್ತೊಂಬತ್ತು ಓಟು ಬಿದ್ದಾವ. ನಾ ಅವನ್ನ ಹಿಡಿಯಂಗಿಲ್ಲ. ನಮ್ಮವರು ಅಂತ ನಾ ಸುಳ್ಳು ಹೇಳಾಕಾಗಲ್ರಿ. ಬಾಗಿಲ ತಾಯಿ ಅಂದ್ರ ಬಾಗಿಲಾಗ ನಿಂದ್ರಬೇಕು. ಬೆನ್ನು ತಿರುವಿ ಹೋದಾಕಿ ಎಂಥಾ ತಾಯಿ? ಈ ಸಲದ್ದು ಹೈದರಾಬಾದಿನ ಅಮ್ಮಗ."

ಅವನ ಪಟ್ಟಿಯೂ ಪೇಪರಿನ ಪಟ್ಟಿಯೂ ಒಂದೇ ಹೆಸರು ಹೇಳಿದ್ದು ಅದೇ ಮೊದಲು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಾಲಮ್ಮ ಎದ್ದು ನಿಂತಳು.

"ಇಲ್ಲೇ ಇಳಸು."

"ಗದ್ವಾಲ್ ಇನ್ನೂ ದೂರ ಐತಲ್ಲಕ್ಕಾ."

"ನನ್ನ ಕೆಲಸ ಆತು."

ಜೂರಾಲ ಡ್ಯಾಮಿಗೆ ಇನ್ನೂ ಎರಡು ಮೈಲಿ ಇರುವಾಗ, ಹೊಲಗಳ ನಡುವೆ, ಅವಳು ಇಳಿದಳು. ಇಳಿಯುವಾಗ ತನ್ನ ಜೀರೋ ಟಿಕೆಟ್ಟನ್ನು ಅವನ ಕೈಗಿಟ್ಟಳು. ಅದರ ಬೆನ್ನ ಮೇಲೆ ಏನೂ ಬರೆದಿರಲಿಲ್ಲ.

ಮುಂದಿನ ಗುರುವಾರ ಬೇವಿನ ಮರದ ಕೆಳಗೆ ಯಾರೂ ಇರಲಿಲ್ಲ. ಅದರ ಮುಂದಿನ ಗುರುವಾರವೂ ಇರಲಿಲ್ಲ. ಫೋನು ಮಾಡಿದರೆ ಅಕ್ಕ ಎತ್ತುವುದಿಲ್ಲ. ಮೊಮ್ಮಗಳು ಎತ್ತಿ "ಅಜ್ಜಿ ಕುರಿ ಹತ್ರ ಅದಾಳ" ಎಂದು ಇಡುತ್ತಾಳೆ. ಮಾರ್ಕಂಡೇಯನಿಗೆ ಹೆಚ್ಚು ದುಃಖವಾದದ್ದು ರೊಟ್ಟಿಯದು. ಅವನು ಗದ್ವಾಲ್ ಸ್ಟ್ಯಾಂಡಿನ ಇಡ್ಲಿಯನ್ನು ಚಮಚೆಯಿಂದ ತಿವಿಯುತ್ತ, "ಅಣ್ಣಾ, ಪ್ರಶಸ್ತಿ ಕೊಟ್ಟಿದ್ರ ನಿನ್ನ ಗಂಟೇನ್ ಹೋಗ್ತಿತ್ತು?" ಎಂದ. "ನ್ಯಾಯ ಅಂದ್ರ ನ್ಯಾಯ" ಎಂದ ತಾಯಪ್ಪ. ಹೇಳುವಾಗ ಅವನ ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ. ಅವನಿಗೆ ಅಕ್ಕ ಬೇಕಾಗಿತ್ತು. ತಾನು ಸರಿಯೆಂಬುದೂ ಬೇಕಾಗಿತ್ತು. ಎರಡೂ ಒಂದೇ ಸೀಟಿನಲ್ಲಿ ಕೂರುತ್ತಿರಲಿಲ್ಲ.

ಮೂರನೆಯ ಗುರುವಾರ, ದಿನವೂ ಇದೇ ಬಸ್ಸಿಗೆ ಬರುವ ಅಂಗನವಾಡಿ ಟೀಚರ್ ಸ್ರವಂತಿ ಮಕ್ತಲಿನಲ್ಲಿ ಹತ್ತಿದಳು. ಟ್ರೇನಿಂಗಿಗೆಂದು ಮೂರು ವಾರ ಊರಲ್ಲಿರಲಿಲ್ಲ. ಹತ್ತುತ್ತಲೇ ಕೇಳಿದಳು:

"ತಾಯಪ್ಪಣ್ಣಾ, ಹತ್ತೊಂಬತ್ತು ಓಟು ಕಳ್ಳ ಓಟು ಅಂದಿಯಂತಲ್ಲ?"

"ಒಂದೇ ಅಕ್ಷರ ಇದ್ರ ಮತ್ತೇನನ್ಲಿ?"

"ಅದು ನನ್ನ ಅಕ್ಷರ! ಓಟು ಹಾಕಿದ ಮುದುಕೇರಿಗೆ ಬರಿಯಾಕ ಬರಂಗಿಲ್ಲ. ಒಬ್ಬೊಬ್ಬರೂ ಟಿಕೆಟ್ ತಂದು, ಬಾಲಮ್ಮನ ಹೆಸರು ಬರಿ ತಾಯಿ ಅಂದ್ರು. ನಾ ಬರಕೊಟ್ಟೆ. ಬೇಕಾದ್ರ ಈ ಅಜ್ಜೀನ ಕೇಳು."

ಹಿಂದಿನ ಸೀಟಿನಲ್ಲಿ ಮಗಳ ಮನೆಯಿಂದ ಗಟ್ಟು ಎಂಬ ತನ್ನ ಊರಿಗೆ ಹಿಂತಿರುಗುತ್ತಿದ್ದ ಅಜ್ಜಿಯೊಬ್ಬಳು ಕಂಬಳಿ ಮಡಿಚಿಟ್ಟುಕೊಂಡು ಕೂತಿದ್ದಳು. ಹಣೆಯ ಮೇಲೆ ಭಂಡಾರವಿತ್ತು.

"ಹೌದಪ್ಪಾ, ನಾನೂ ಹಾಕಿಸೀನಿ" ಎಂದಳು.

"ಯಾಕವ್ವಾ? ಅಕಿ ಮಗನ ಕಡೆ ನೋಡ್ಲೂ ಇಲ್ಲಲ್ಲ. ಬೆನ್ನು ತಿರುವಿ ಹೋದಳು."

ಅಜ್ಜಿ ಅವನ ಮುಖವನ್ನೇ ನೋಡಿದಳು. "ನೀ ಬೀರಪ್ಪನ ಒಕ್ಕಲೇನು?"

"ಹೌದು."

"ಕುರಿ ಹಿಂದ ವಲಸಿ ಹೋಗಿಯೇನು ಯಾವಾಗರ?"

"ಇಲ್ಲವ್ವಾ. ಸಣ್ಣಾಂವ ಇದ್ದಾಗಲೇ ಹಾಸ್ಟೆಲಿಗೆ ಹಾಕಿದ್ರು."

"ಅದಕ್ಕ." ಅಜ್ಜಿ ಅತ್ತಿತ್ತ ನೋಡಿ, ದನಿ ತಗ್ಗಿಸಿದಳು. "ಇದು ಗಂಡಸರಿಗೆ ಹೇಳೋ ಮಾತಲ್ಲ. ನೀ ಕೇಳ್ದಿ, ಹೇಳ್ತೀನಿ. ಗಂಡಸರು ಕುರಿ ಹೊಡಕೊಂಡು ಹೊಂಟಾಗ, ಹಿಂದಿರುಗಿ ನೋಡಬ್ಯಾಡ ಅಂತ ಅವರಿಗೆ ಹೇಳ್ತೀವಿ. ಅವರು ನೋಡಂಗಿಲ್ಲ. ನಾವೇನು ಮಾಡ್ತೀವಿ ಅನ್ನೋದು ಅವರಿಗೆ ಗೊತ್ತಿಲ್ಲ. ಭಂಡಾರ ಹಚ್ಚತೀವಿ, ಅವರು ಹೆಜ್ಜಿ ಇಡೋದ್ರಾಗ ತಿರುಗಿ ಒಳಗ ಹೋಗ್ತೀವಿ. ಹೋಗೋರ ಬೆನ್ನು ಕಣ್ಮರಿ ಆಗೋತನಕ ನೋಡೋದು ಹೆಣಕ್ಕ ಮಾತ್ರ ಐತಪ್ಪಾ. ತಿರುಗಿ ಬರಬೇಕಾದವರ ಬೆನ್ನು ನೋಡಬಾರದು."

ತಾಯಪ್ಪನ ಕೈಯಲ್ಲಿದ್ದ ಮಷೀನು ಸುಮ್ಮನೆ ಒಂದು ಟಿಕೆಟ್ಟು ಉಗುಳಿತು.

"ಆ ಸಿನಿಮಾದಾಗ ನೋಡಲಿಲ್ಲೇನು ನೀನು?" ಅಜ್ಜಿ ಕೇಳಿದಳು. "ಹೈದರಾಬಾದಿನಾಕಿ ಓಡಿ ಓಡಿ ಮಗನ ಬೆನ್ನು ನೋಡಿದಳು. ಆಂವ ಕಡೀಕ ಪೆಟ್ಟಿಗ್ಯಾಗ ಬಂದ. ಬಾಲಮ್ಮ ನೋಡಲಿಲ್ಲ. ಅಕಿ ಮಗ ನಡಕೊಂತ ಮನಿಗೆ ಬಂದ. ತೆಗದವರಿಗೆ ಗೊತ್ತಿತ್ತೋ ಇಲ್ಲೋ, ನಮಗೆಲ್ಲ ಗೊತ್ತಾತು."

ಇಳಿಯಬೇಕಾಗಿದ್ದ ಇಬ್ಬರು "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದರು. ಸೀಟಿ ಊದಬೇಕಾದವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬಸ್ಸು ಅವರ ಊರು ದಾಟಿ ಅರ್ಧ ಮೈಲಿ ಹೋಗಿ ನಿಂತಿತು. ಇಪ್ಪತ್ತು ವರ್ಷದಲ್ಲಿ ತಾಯಪ್ಪ ಮೊದಲ ಸಲ ಬೈಸಿಕೊಂಡ, ಬೈದದ್ದೂ ಅವನಿಗೆ ಕೇಳಿಸಲಿಲ್ಲ.

ಮರುದಿನ ರಜೆ ಹಾಕಿ ಅಕ್ಕನ ಊರಿಗೆ ಹೋದ. ಬಾಲಮ್ಮ ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಹೈದರಾಬಾದಿನ ಅಮ್ಮ ಇಲ್ಲಿಲ್ಲ. ಅಲ್ಲಿ ಹೋಗು."

ತಾಯಪ್ಪ ಅವಳ ಎದುರಿಗೆ ನೆಲದ ಮೇಲೆ ಕೂತ. ಮರಿ ಹಾಲು ಕುಡಿದು ಮುಗಿಸುವವರೆಗೂ ಕಾದು, "ಗಟ್ಟಿನ ಅಜ್ಜಿ ಒಬ್ಬಾಕಿ ಹೇಳಿದಳು" ಎಂದ.

ಮರಿಯ ಮೈ ಸವರುತ್ತಿದ್ದ ಬಾಲಮ್ಮನ ಕೈ ನಿಂತಿತು. "ಗಂಡಸರಿಗೆ ಹೇಳಬಾರದದು" ಎಂದಳು ಸಿಟ್ಟಿನಿಂದ. ಆಮೇಲೆ ಸಿಟ್ಟು ಇಳಿದು ಅವಳೇ ಹೇಳತೊಡಗಿದಳು. "ಆ ಡೈರೆಕ್ಟರು ಮೂರು ಸಲ ತೆಗದ. ಬಾಗಿಲಾಗ ನಿಂತು ನೋಡಮ್ಮಾ ಅಂತ ಕೈ ಮುಗದ. ಆ ಹುಡುಗ ನಾಕು ದಿನ ನನ್ನ ಕೈಲೆ ರೊಟ್ಟಿ ತಿಂದಾನ, ಯಾರೋ ಹಡದ ಮಗ. ಸುಳ್ಳಿಗಾದ್ರೂ ಅವನ ಬೆನ್ನು ನಾ ಹೆಂಗ ನೋಡ್ಲಿ? ಮೂರು ಸಲಾನೂ ತಿರುಗಿದೆ. ಹೊತ್ತು ಮುಳುಗಿತು, ಇರ್ಲಿ ಬಿಡ್ರಿ ಅಂದ್ರು."

"ಅಕ್ಕಾ, ಅವತ್ತು ಸೈಕಲ್ ಮ್ಯಾಲ ನಾ ಹೊಂಟಾಗ..."

ಬಾಲಮ್ಮನಿಗೆ ಆಗ ಅರ್ಥವಾಯಿತು. ತಮ್ಮ ಹಿಂದುಮುಂದಾಗಿ ಕೂತಿದ್ದ, ಅವನಿಗೆ ಹಿಂದಿರುಗಿ ನೋಡಬೇಡ ಎಂದು ಯಾರೂ ಹೇಳಿರಲಿಲ್ಲ. ಕುರಿಯ ಹಿಂದೆ ಹೋಗುವವರಿಗೆ ಹೇಳುವ ಮಾತನ್ನು ಶಾಲೆಗೆ ಹೋಗುವವನಿಗೆ ಹೇಳುವುದು ಯಾರಿಗೂ ಹೊಳೆದಿರಲಿಲ್ಲ.

"ಅಯ್ಯೋ ನನ್ನಪ್ಪಾ, ನೀ ನೋಡಿದ್ಯಾ?" ಅವಳು ಅವನ ತಲೆಯ ಮೇಲೆ ಕೈಯಿಟ್ಟಳು. "ಅವ್ವ ಒಳಗ ಬಂದು ಒಲಿ ಮುಂದ ಕುಂತಳು. ಅತ್ತಳು, ಮತ್ತ ರೊಟ್ಟಿ ಬಡದಳು. ನಿನ್ನ ಪಾಲಿನ ಎರಡು ರೊಟ್ಟೀನೂ ಬಡದಳು. ಬುಟ್ಟ್ಯಾಗ ಬ್ಯಾರೇ ಇಟ್ಟಳು, ಯಾರಿಗೂ ಮುಟ್ಟಗೊಡಲಿಲ್ಲ. ನೀ ರಜಾಕ್ಕ ಬರೋತನಕ ದಿನಾ ಹಂಗೇ ಮಾಡಿದಳು. ಅಕಿ ಹೋದ ಮ್ಯಾಲ ಆ ರೊಟ್ಟಿ ನನ್ನ ಪಾಲಿಗೆ ಬಂತು. ಅದನ್ನ ಅಲ್ಲೇನು ನಾ ಗುರುವಾರ ತಂದು ಕೊಡೋದು?"

ತಾಯಪ್ಪ ಅತ್ತ. ಐವತ್ತೈದು ವರ್ಷದ ಗಂಡಸು, ಮೀಸೆಗೆ ಬಣ್ಣ ಹಚ್ಚಿದವನು, ಅಂಗಳದಲ್ಲಿ ಕೂತು ಗಳಗಳ ಅತ್ತ. ಕುರಿಮರಿ ಬಂದು ಅವನ ಅಂಗಿಯ ತುದಿ ಚೀಪಿತು.

ಮುಂದಿನ ಗುರುವಾರ ಮಕ್ತಲ್ ಬಿಟ್ಟ ಕೂಡಲೇ ತಾಯಪ್ಪ ಬಸ್ಸಿನ ನಡುವೆ ನಿಂತ.

"ಹೋದ ತಿಂಗಳ ತೀರ್ಪು ತಪ್ಪು ಆಗೇತ್ರಿ. ಈ ವರ್ಷದ ಬಾಗಿಲ ತಾಯಿ ನಮ್ಮ ಬಾಲಮ್ಮ. ಹತ್ತೊಂಬತ್ತು ಓಟೂ ಖರೇ ಓಟು. ಯಾಕ ಅಂತ ಗಂಡಸರು ಕೇಳಬಾರದು."

"ಯಾಕಣ್ಣಾ?" ಎಂದ ಮಾರ್ಕಂಡೇಯ ಮುಂದಿನಿಂದ.

"ಸ್ಟೇರಿಂಗ್ ನೋಡಿಕೋ."

ಹೆಂಗಸರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು. ಗಂಡಸರು ಮಿಕಮಿಕ ನೋಡಿದರು. ಅಷ್ಟರಲ್ಲಿ ಬೇವಿನ ಮರ ಬಂತು. ಕೆಳಗೆ ಬಾಲಮ್ಮ ಗಂಟು ಹಿಡಿದು ನಿಂತಿದ್ದಳು. ತಾಯಪ್ಪ ಇಳಿದು, ಒಂದು ಜೀರೋ ಟಿಕೆಟ್ಟನ್ನು ಅವಳ ಕೈಗೆ ಕೊಟ್ಟ. ಅವಳೇ ಅವತ್ತು ಖಾಲಿ ಬಿಟ್ಟು ಕೊಟ್ಟ ಟಿಕೆಟ್ಟು. ಅದರ ಬೆನ್ನ ಮೇಲೆ ಅವಳ ಹೆಸರಿತ್ತು. ಅವಳಿಗೆ ಓದಲು ಬರುವುದಿಲ್ಲ. ಆದರೂ ಬಹಳ ಹೊತ್ತು ನೋಡಿ, ಮಡಿಚಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡಳು. ಗಂಟು ಕೊಟ್ಟಳು, ತಮ್ಮನ ಮುಖ ಒಮ್ಮೆ ನೋಡಿದಳು.

ತಾಯಪ್ಪ ಫುಟ್‌ಬೋರ್ಡು ಹತ್ತಿದ. ಇಪ್ಪತ್ತು ವರ್ಷದಿಂದ ಅಲ್ಲಿ ನಿಂತು ಹಿಂದಕ್ಕೆ ನೋಡುತ್ತಿದ್ದವನು ಈ ಸಲ ಮುಂದಕ್ಕೆ ಮುಖ ಮಾಡಿ ಸೀಟಿ ಊದಿದ. ಬಸ್ಸು ಹೊರಟಿತು.

"ಅಕ್ಕ ಇವತ್ತಾದ್ರೂ ಟಾಟಾ ಮಾಡಿದಳೇನಣ್ಣಾ?" ಎಂದು ಮಾರ್ಕಂಡೇಯ ಕೇಳಿದ.

"ನಾ ನೋಡಲಿಲ್ಲೋ" ಎಂದು ತಾಯಪ್ಪ ರೊಟ್ಟಿಯ ಗಂಟು ಬಿಚ್ಚಿದ. ರೊಟ್ಟಿಗಳು ಇನ್ನೂ ಬಿಸಿಯಾಗಿದ್ದವು.